ರಿಸೀವರ್‌ಗಳು ಸುಮ್ನೆ ಓಡ್ತಾರಾ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಬಂದಿದ್ದೇನೆ. ಭಾನುವಾರ ಅಳಿಯನ ಜೊತೆ ಕೂತು ಅವರ ಫುಟ್‌ಬಾಲ್ ನೋಡುತ್ತೇನೆ. ಕಾಮೆಂಟರಿಯಲ್ಲಿ ಸ್ಲಾಂಟ್, ಪೋಸ್ಟ್ ಅಂತ ಹೇಳುತ್ತಲೇ ಇರುತ್ತಾರೆ. ಚೆಂಡು ಹಿಡಿಯುವವರು ಖಾಲಿ ಜಾಗ ನೋಡಿಕೊಂಡು ಓಡುತ್ತಾರೋ, ಮೊದಲೇ ಹೇಳಿಕೊಟ್ಟಿರುತ್ತಾರೋ? ಟ್ರಿಕ್ ಪ್ಲೇ ಅಂದರೆ ಮೋಸ ಅಲ್ವಾ?

ಉತ್ತರ: ಸುಮ್ನೆ ಓಡುವುದಿಲ್ಲ. ಎಷ್ಟು ಗಜ ನೇರ ಹೋಗಬೇಕು, ಎತ್ತ ತಿರುಗಬೇಕು ಎಂದು ಪ್ರತಿ ರಿಸೀವರ್‌ಗೂ ಮೊದಲೇ ಗೊತ್ತಿರುತ್ತದೆ. ಅದೇ ರೂಟ್. ಎಷ್ಟೋ ಸಲ ರಿಸೀವರ್ ತಿರುಗುವ ಮೊದಲೇ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಸಾಮಾನ್ಯವಾಗಿ ಚೆಂಡು ಎಸೆಯುವ ಆಟಗಾರ) ಚೆಂಡು ಎಸೆದಿರುತ್ತಾನೆ. ರೂಟ್ ಒಂದು ಹೆಜ್ಜೆ ತಪ್ಪಿದರೂ ಚೆಂಡು ಎದುರಾಳಿಯ ಕೈಗೆ ಹೋಗಬಹುದು.

ಬಹಳಷ್ಟು ತಂಡಗಳು ರೂಟ್‌ಗಳಿಗೆ ನಂಬರ್ ಕೊಡುತ್ತವೆ. ಸಾಮಾನ್ಯವಾಗಿ ಸಮ ಸಂಖ್ಯೆ ಎಂದರೆ ಮೈದಾನದ ನಡುವಿಗೆ, ಬೆಸ ಎಂದರೆ ಅಂಚಿನ ಗೆರೆಯ ಕಡೆಗೆ. 2 ಸ್ಲಾಂಟ್: ಕೆಲವೇ ಹೆಜ್ಜೆ ನೇರ ಓಡಿ ಓರೆಯಾಗಿ ಒಳಗೆ ನುಗ್ಗುವುದು. 5 ಔಟ್: ನೇರ ಓಡಿ ಅಂಚಿನ ಕಡೆಗೆ ತಿರುಗುವುದು. 7 ಕಾರ್ನರ್: ದೂರ ಓಡಿ ಮೈದಾನದ ಮೂಲೆಯ ಕಡೆಗೆ ಓರೆಯಾಗುವುದು. 8 ಪೋಸ್ಟ್: ಸಾಕಷ್ಟು ದೂರ ಓಡಿ ಗೋಲ್‌ಪೋಸ್ಟ್ ಕಡೆಗೆ ಓರೆಯಾಗುವುದು. 9 ಗೋ: ತಿರುವೇ ಇಲ್ಲ, ನೇರ ಓಟ.

ಮಜಾ ಇರುವುದು ಇವನ್ನು ಬೆರೆಸುವುದರಲ್ಲಿ. ರಿಸೀವರ್ ಎರಡು ಮೂರು ಸಲ ಸ್ಲಾಂಟ್ ಓಡುತ್ತಾನೆ. ಮುಂದಿನ ಸಲವೂ ಹಾಗೇ ಒಳಗೆ ತಿರುಗುತ್ತಾನೆ. ಕ್ವಾರ್ಟರ್‌ಬ್ಯಾಕ್ ಎಸೆಯುವಂತೆ ಕೈ ಆಡಿಸುತ್ತಾನೆ. ಚೆಂಡು ಕಸಿಯುವ ಆಸೆಗೆ ಡಿಫೆಂಡರ್ ಮುಂದೆ ನುಗ್ಗಿದ ಕೂಡಲೇ ರಿಸೀವರ್ ಅವನ ಬೆನ್ನ ಹಿಂದೆ ನೇರ ಓಡಿಬಿಡುತ್ತಾನೆ. ಇದಕ್ಕೆ ಸ್ಲಗೋ (ಸ್ಲಾಂಟ್ ಮತ್ತು ಗೋ ಸೇರಿ) ಎನ್ನುತ್ತಾರೆ. ನನ್ನ ಪ್ರಕಾರ ಇದೇ ಅರ್ಧ ಟ್ರಿಕ್ ಪ್ಲೇ.

ಪೂರ್ತಿ ಟ್ರಿಕ್ ಪ್ಲೇ, ಅಂದರೆ ಎದುರಾಳಿಯನ್ನು ಯಾಮಾರಿಸಲು ಹೂಡುವ ಆಟ, ಕೂಡ ಮೋಸವಲ್ಲ. ಒಂದು ಡೌನ್‌ನಲ್ಲಿ (ಚೆಂಡು ಮುಂದೊಯ್ಯುವ ಒಂದು ಯತ್ನ) ಮುಂದಕ್ಕೆ ಪಾಸ್ ಒಂದೇ ಸಲ, ಅದೂ ಆಟ ಶುರುವಾದ ಗೆರೆಯ ಹಿಂದಿನಿಂದ. ಹಿಂದಕ್ಕೆ ಎಷ್ಟು ಸಲ ಬೇಕಾದರೂ ಎಸೆಯಬಹುದು. ಕ್ವಾರ್ಟರ್‌ಬ್ಯಾಕೇ ಎಸೆಯಬೇಕು ಎಂದೇನಿಲ್ಲ.

2018ರ ಫೆಬ್ರವರಿ 4ರ ಸೂಪರ್ ಬೌಲ್, ಅಂದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಫೈನಲ್, ನೋಡಿ. ಫಿಲಡೆಲ್ಫಿಯಾ ಈಗಲ್ಸ್‌ಗೆ ನಾಲ್ಕನೇ ಅಂದರೆ ಕೊನೆಯ ಡೌನ್, ಗೋಲ್ ಗೆರೆಗೆ ಒಂದೇ ಗಜ. ಮೊದಲಾರ್ಧ ಮುಗಿಯಲು 38 ಸೆಕೆಂಡ್. ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ಏನೋ ಹೇಳುವವರಂತೆ ಬಲಗಡೆಯ ಆಟಗಾರರ ಹತ್ತಿರ ನಡೆದರು. ಚೆಂಡು ನೇರ ಕೋರಿ ಕ್ಲೆಮೆಂಟ್ ಕೈಗೆ ಬಂತು. ಅವರು ಎಡಕ್ಕೆ ಓಡುತ್ತಾ, ಎದುರು ದಿಕ್ಕಿಗೆ ಬರುತ್ತಿದ್ದ ಟ್ರೇ ಬರ್ಟನ್‌ಗೆ ದಾಟಿಸಿದರು. ಬರ್ಟನ್ ಹಿಂದೆ ಕ್ವಾರ್ಟರ್‌ಬ್ಯಾಕ್ ಆಡಿದ್ದವರೇ. ಅಷ್ಟರಲ್ಲಿ ಫೋಲ್ಸ್ ಮೆಲ್ಲಗೆ ಜಾರಿ ಎಂಡ್ ಝೋನ್ (ಗೋಲ್ ಗೆರೆಯಾಚೆಯ ಅಂಕಣ) ಸೇರಿದ್ದರು, ಪಕ್ಕದಲ್ಲಿ ಯಾರೂ ಇಲ್ಲ. ಪಾಸ್ ಹಿಡಿದರು, ಟಚ್‌ಡೌನ್ (ಆರು ಅಂಕ)! ಒಂದು ಸೂಕ್ಷ್ಮ: ಫೋಲ್ಸ್ ಸೆಂಟರ್ ಆಟಗಾರನ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವವನು) ಬೆನ್ನಿಗೇ ನಿಂತಿದ್ದರೆ ಎನ್‌ಎಫ್‌ಎಲ್ ನಿಯಮದಂತೆ ಪಾಸ್ ಹಿಡಿಯುವ ಹಕ್ಕು ಇರುತ್ತಿರಲಿಲ್ಲ. ಅವರು ದೂರ ನಿಂತಿದ್ದರು.

ಅದಕ್ಕೆ ಸ್ವಲ್ಪ ಮೊದಲು ಎದುರಾಳಿ ಪೇಟ್ರಿಯಟ್ಸ್ ಕೂಡ ಇಂಥದೇ ಆಟ ಹೂಡಿದ್ದರು. ಆದರೆ ಅವರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ತಮ್ಮ ಕೈಗೆ ಬಂದ ಪಾಸ್ ಹಿಡಿಯದೆ ಬಿಟ್ಟರು. ಪಂದ್ಯ 41-33ಕ್ಕೆ ಈಗಲ್ಸ್ ಪಾಲಾಯಿತು.