ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಂಕ) ಕಡಿಮೆ ಬರ್ತಿದೆ, ಹತ್ತು ಪ್ರಶ್ನೆಗೆ ಒಂದು ಅಂಕ ಕೊಟ್ಟು ರಾಜಕೀಯದ ಎಡ-ಬಲ ಅಳೆಯೋ ಪ್ರಶ್ನಾವಳಿಯಿಂದ ಉಲ್ಟಾ ಹೇಳಿಕೆಗಳನ್ನು ತೆಗೆಯಬಹುದಾ?

ತೆಗೀಬೇಡಿ. ನಾನು ತೆಗೆದಿದ್ದೆ.

ಎಂ.ಎ. ಸೈಕಾಲಜಿ, ಕೊನೇ ಸೆಮಿಸ್ಟರ್. ಕೆನಡಾದ ಮನಶ್ಶಾಸ್ತ್ರಜ್ಞ ಆಲ್ಟೆಮೇಯರ್ 1981ರಲ್ಲಿ ಕೊಟ್ಟ ಮಾಪನದ ಮಾದರಿಯಲ್ಲಿ, ಅಧಿಕಾರಕ್ಕೆ ತಲೆಬಾಗುವ ಮನೋಭಾವ ಅಳೆಯಲು ಕನ್ನಡದಲ್ಲಿ 20 ಹೇಳಿಕೆ ಬರೆದೆ. ಹತ್ತು ನೇರ: 'ಹಿರಿಯರ ಮಾತನ್ನು ಪ್ರಶ್ನಿಸಬಾರದು.' ಹತ್ತು ಉಲ್ಟಾ: 'ತಪ್ಪು ಅನಿಸಿದರೆ ಹಿರಿಯರನ್ನೂ ಪ್ರಶ್ನಿಸಬೇಕು.' ದಾವಣಗೆರೆ ಸುತ್ತಮುತ್ತ ಮನೆಮನೆ ತಿರುಗಿದೆ. ಒಬ್ಬ ಅಡಿಕೆ ವ್ಯಾಪಾರಿ ಟೀ ತರಿಸಿ, 20ಕ್ಕೆ 20ನ್ನೂ 'ಪೂರ್ತಿ ಒಪ್ಪುತ್ತೇನೆ' ಅಂತ ಟಿಕ್ ಹಾಕಿದರು. ಇನ್ನೊಮ್ಮೆ ನೋಡಿ ಅಂದೆ. "ಎರಡೂ ಸರೀನೇ ಅಲ್ವಾ ಮೇಡಂ? ನೀವು ಓದಿದೋರು, ಸುಮ್ನೆ ಬರೀತೀರಾ?" ಅಂದರು.

ಎಚ್ಚರಿಕೆ ಗಂಟೆ ಅಲ್ಲೇ ಬಾರಿಸಿತ್ತು. ನನಗೆ ಕೇಳಲಿಲ್ಲ.

ಆಲ್ಫಾ 0.5ರ ಹತ್ತಿರ ಒದ್ದಾಡುತ್ತಿತ್ತು. ಉಲ್ಟಾ ಹತ್ತನ್ನು ಕಿತ್ತೆ. 0.8 ದಾಟಿತು! ಅವತ್ತು ಹೋಟೆಲಿನಲ್ಲಿ ಬೆಣ್ಣೆ ದೋಸೆ ತಿಂದು ಸಂಭ್ರಮಿಸಿದೆ.

ಈಗ ಲೆಕ್ಕ ನೋಡಿ. 'ಪೂರ್ತಿ ಒಪ್ಪುತ್ತೇನೆ' ಅಂದರೆ 5, ಪೂರ್ತಿ ಒಪ್ಪದಿದ್ದರೆ 1. ಎಲ್ಲದಕ್ಕೂ 5 ಕೊಟ್ಟವರಿಗೆ ನೇರ ಹತ್ತರಲ್ಲಿ 50 ಬರುತ್ತೆ. ಉಲ್ಟಾ ಹತ್ತರಲ್ಲಿ ಅಂಕ ತಿರುಗಿಸಿ ಎಣಿಸೋದರಿಂದ 5 ಅನ್ನೋದು 1 ಆಗುತ್ತೆ, ಅಂದರೆ 10. ಒಟ್ಟು 60. ಕನಿಷ್ಠ 20, ಗರಿಷ್ಠ 100, ಸರಿಯಾಗಿ ನಡುವೆ. ಅಂದರೆ 'ಇವರ ಬಗ್ಗೆ ಏನೂ ತಿಳಿಯಲಿಲ್ಲ'. ಉಲ್ಟಾ ತೆಗೆದರೆ? 50ಕ್ಕೆ 50. ಟೀ ಕುಡಿಸಿದ ಮನುಷ್ಯ ನನ್ನ ಪ್ರಬಂಧದಲ್ಲಿ ಅಧಿಕಾರಕ್ಕೆ ಜಿಲ್ಲೆಯಲ್ಲೇ ಅತಿ ಹೆಚ್ಚು ತಲೆಬಾಗುವವರು ಆಗಿಬಿಟ್ಟರು. ನಾನು ಅಳೆದದ್ದು ಆ ಮನೋಭಾವವನ್ನಲ್ಲ, ಹೂಂ ಅನ್ನೋ ಸೌಜನ್ಯವನ್ನು. ಕೆಲವರು ಎಲ್ಲದಕ್ಕೂ ಹೂಂ ಅಂದು, ಉಳಿದವರು ಹಾಗೆ ಅನ್ನದಿದ್ದಾಗ ಒಂದೇ ದಿಕ್ಕಿನ ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆ, ಆಲ್ಫಾ ಏರುತ್ತೆ. ಅಷ್ಟೇ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ: "ತೆಗೆದ ಹತ್ತಕ್ಕೆ ಇವರೆಲ್ಲ ಏನಂದಿದ್ದರು?" ನಾನು ಬಾಯಿ ಬಿಡಲಿಲ್ಲ. 1950ರಲ್ಲಿ ಇದೇ ಮನೋಭಾವ ಅಳೆಯಲು ಅಡೋರ್ನೊ ಮತ್ತಿತರ ಸಂಶೋಧಕರ ತಂಡ ಕೊಟ್ಟ ಎಫ್ ಮಾಪನ ಎಡವಿದ್ದೂ ಇಲ್ಲೇ, ಅದರ ಹೇಳಿಕೆಗಳೆಲ್ಲ ಒಂದೇ ದಿಕ್ಕಿಗಿದ್ದವು. ಅದನ್ನು ಸರಿಪಡಿಸಲೆಂದೇ ಆಲ್ಟೆಮೇಯರ್ ಉಲ್ಟಾ ಹೇಳಿಕೆ ಸೇರಿಸಿದ್ದು. ಔಷಧಿ ಕೈಯಲ್ಲೇ ಇತ್ತು, ಚೆಲ್ಲಿದೆ. ಆರು ತಿಂಗಳು ಹೋಯಿತು.

ಇನ್ನು ನಿಮ್ಮ 'ಎಡ-ಬಲ, ಹತ್ತು ಪ್ರಶ್ನೆ, ಒಂದು ಅಂಕ' ಅನ್ನೋದೇ ನನಗೆ ಒಪ್ಪಿಗೆಯಿಲ್ಲ. ರಾಜಕೀಯ ನಿಲುವು ಅಳೆಯಲು ಒಂದು ಗೆರೆ ಸಾಲದು ಅಂತ ಮನಶ್ಶಾಸ್ತ್ರಜ್ಞ ಐಸೆಂಕ್ 1954ರಲ್ಲೇ ಎರಡು ಗೆರೆ ಎಳೆದಿದ್ದರು. ನಮ್ಮ ದೇಶಕ್ಕೆ ರಾಜ್ಯಶಾಸ್ತ್ರಜ್ಞರಾದ ಛಿಬ್ಬರ್ ಮತ್ತು ವರ್ಮಾ 2018ರಲ್ಲಿ ಬೇರೆಯೇ ಎರಡು ಗುರುತಿಸಿದರು: ಸಮಾಜದಲ್ಲಿ ಸರ್ಕಾರ ಎಷ್ಟು ಕೈಹಾಕಬೇಕು, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ ಅದು ಎಷ್ಟು ಜಾಗ ಕೊಡಬೇಕು. ಇವೆರಡನ್ನು ಕೂಡಿಸಿ ಸರಾಸರಿ ತೆಗೆದರೆ ಅವಲಕ್ಕಿಗೆ ಸಾಂಬಾರ್ ಹಾಕಿದಂತೆ. ಅಂದಹಾಗೆ, 'ನೀವು ಎಡವೋ ಬಲವೋ' ಅಂತ ಹಳ್ಳಿಯಲ್ಲಿ ನೇರ ಕೇಳಬೇಡಿ. ಒಳಮೀಸಲಾತಿಯ ಎಡಗೈ-ಬಲಗೈ ಅಂತ ತಿಳಿದು ಜಾತಿ ಯಾಕೆ ಕೇಳ್ತೀರಿ ಅಂತಾರೆ. ನನಗೆ ಆಗಿದೆ.

ಆಲ್ಫಾ ಕಡಿಮೆ ಬಂದರೆ ಕಡಿಮೆ ಅಂತಲೇ ಬರೆಯಿರಿ. 'ಮಾಡಬಾರದು ಎಂಬುದು ಸರಿಯಲ್ಲ' ಅನ್ನೋ ಥರ ಎರಡೆರಡು ನಿಷೇಧ ಇರೋ ಹೇಳಿಕೆಗಳನ್ನು ಮಾತ್ರ ಬಿಡಿಸಿ ಬರೆದು, ಮತ್ತೆ ಹತ್ತು ಜನರ ಹತ್ತಿರ ಗಟ್ಟಿಯಾಗಿ ಓದಿಸಿ ನೋಡಿ.