‘ಟು’ ಹಾಕಬೇಕಾ, ‘ಇಂಗ್’ ಹಾಕಬೇಕಾ: ಆಪ್ತಸಲಹೆಯ ಒಂದು ಪ್ರಕರಣ

26 ವರ್ಷದ ಮಹಿಳೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಗ್ರಾಹಕ ಸೇವೆಯ ಕೆಲಸ. ತೊಡಕು ಇಂಗ್ಲಿಷಿನದು: ಒಂದು ಕ್ರಿಯಾಪದದ ನಂತರ ಬರುವ ಇನ್ನೊಂದು ಕ್ರಿಯಾಪದಕ್ಕೆ ‘ಟು’ (to) ಸೇರಿಸಬೇಕೋ, ‘ಇಂಗ್’ (-ing) ಸೇರಿಸಬೇಕೋ ಎಂಬುದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.

“ಫೋನಲ್ಲಿ ಮಾತಾಡ್ತಾ ಮಾತಾಡ್ತಾ ನಿಂತುಬಿಡ್ತೀನಿ ಮೇಡಂ. ಟು ಹಾಕ್ಬೇಕಾ, ಇಂಗ್ ಹಾಕ್ಬೇಕಾ ಅಂತ ಯೋಚಿಸೋದ್ರಲ್ಲಿ ಆ ಕಡೆಯವ್ರು ಹಲೋ ಹಲೋ ಅಂತಾರೆ.” ಮೇಲಧಿಕಾರಿ ಒಮ್ಮೆ ಎಲ್ಲರೆದುರು ತಿದ್ದಿದ ಮೇಲೆ ಮೀಟಿಂಗುಗಳಲ್ಲಿ ಬಾಯಿ ಬಿಡುವುದೇ ನಿಂತಿತ್ತು. ಊಟ, ನಿದ್ದೆ ಸರಿಯಾಗಿವೆ, ಬೇರೆಲ್ಲೂ ಆತಂಕವಿಲ್ಲ. ಹಾಗಾಗಿ ಇದನ್ನು ಕಲಿಕೆಯ ತೊಡಕು ಎಂದೇ ಕೈಗೆತ್ತಿಕೊಳ್ಳಲಾಯಿತು.

ಅಕಾರಾದಿಯಲ್ಲಿ ಉರು ಹೊಡೆದ ಕ್ರಿಯಾಪದಗಳ ಪಟ್ಟಿ ಅವರ ಬಳಿ ಇತ್ತು. ಅದನ್ನು ಬದಿಗಿಟ್ಟು, ಅವರೇ ಕಳಿಸಿದ ಮೇಲ್‌ಗಳನ್ನು ನೋಡಿದಾಗ ಚಿತ್ರ ಬೇರೆಯೇ ಇತ್ತು. ಆಸ್ಕ್, ಟೆಲ್, ರಿಮೈಂಡ್, ರಿಕ್ವೆಸ್ಟ್ ಎಲ್ಲೂ ತಪ್ಪಿರಲಿಲ್ಲ. ತಪ್ಪುತ್ತಿದ್ದುದು ಕೆಲವೇ ಕಡೆ: ‘ದಿ ಬ್ಯಾಂಕ್ ಮೇಡ್ ಮಿ ಟು ವೇಟ್’, ‘ಲೆಟ್ ಮಿ ಟು ಚೆಕ್’, ‘ಐ ಸಜೆಸ್ಟೆಡ್ ಹಿಮ್ ಟು ಕಾಲ್’. ಬಹುಪಾಲು ಸರಿಯಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಮೊದಲು ಅದನ್ನೇ ಮೇಲ್‌ಗಳಲ್ಲಿ ಗೆರೆ ಎಳೆದು ತೋರಿಸಲಾಯಿತು.

ಕಾರಣ ಸರಳ. ‘ಬರಲು ಹೇಳಿದೆ’, ‘ಬರಲು ಒಪ್ಪಿಸಿದೆ’, ‘ಬರಲು ಬಿಟ್ಟೆ’ ಮೂರಕ್ಕೂ ಕನ್ನಡದಲ್ಲಿ ಒಂದೇ ‘ಅಲು’. ಅದು ಬಂದಲ್ಲೆಲ್ಲ ಮನಸ್ಸು ‘ಟು’ ಹಾಕುತ್ತದೆ. ಟೆಲ್, ಪರ್ಸುಯೇಡ್, ಅಲೌ ಜೊತೆ ಲೆಕ್ಕ ಸರಿಹೋಗುತ್ತದೆ; ಲೆಟ್ ಬಂದಾಗ ಕೈಕೊಡುತ್ತದೆ. ಇನ್ನೊಂದು ಗೊಂದಲವೂ ಇತ್ತು: ಪತ್ರಿಕೆಯಲ್ಲಿ ‘ವಾಸ್ ಮೇಡ್ ಟು ವೇಟ್’ ಎಂದು ಓದಿ, ‘ಮೇಡ್ ಮಿ ಟು’ ಕೂಡ ಸರಿ ಎಂದುಕೊಂಡಿದ್ದರು. ಕರ್ಮಣಿಯಲ್ಲಿ ಮಾತ್ರ ಮೇಕ್‌ಗೆ ಟು ಮರಳಿ ಬರುತ್ತದೆ. ಲೆಟ್‌ಗೆ ಅಲ್ಲಿ ‘ವಾಸ್ ಅಲೌಡ್ ಟು’ ಬಳಸುವುದೇ ರೂಢಿ.

ಪಟ್ಟಿಯ ಬದಲು ಗುಂಪುಗಳನ್ನು ಕೊಡಲಾಯಿತು. ಟು ಬೇಕಾದವು: ವಾಂಟ್, ಆಸ್ಕ್, ಎಕ್ಸ್‌ಪೆಕ್ಟ್, ಅಲೌ, ಗೆಟ್. ಟು ಬೇಡದವು ಮೂರು: ಮೇಕ್, ಲೆಟ್, ಹ್ಯಾವ್. ಹೆಲ್ಪ್‌ಗೆ ಎರಡೂ ನಡೆಯುತ್ತದೆ. ‘ಬರೆಸಿದೆ’ ಎನ್ನುವುದಕ್ಕೆ ‘ಐ ಹ್ಯಾಡ್ ಹಿಮ್ ರೈಟ್’ ಅಂದರೂ ‘ಐ ಗಾಟ್ ಹಿಮ್ ಟು ರೈಟ್’ ಅಂದರೂ ಆಗುತ್ತದೆ, ಟು ಮಾತ್ರ ಗೆಟ್‌ಗೆ. ಇಂಗ್ ಬರುವವು ಕೀಪ್, ಕ್ಯಾಚ್: ‘ಸಾರಿ ಟು ಕೀಪ್ ಯೂ ವೇಟಿಂಗ್’ ಅವರ ಕೆಲಸದಲ್ಲಿ ದಿನವೂ ಬೇಕಾದ ವಾಕ್ಯ. ಪ್ರಿವೆಂಟ್‌ಗೆ ನಡುವೆ ಫ್ರಮ್ ಸೇರಿಸಿದರೆ ಯಾವತ್ತೂ ತಪ್ಪಾಗದು. ಸೀ, ಹಿಯರ್ ಬಂದಾಗ ಕನ್ನಡವೇ ದಾರಿ ತೋರಿಸುತ್ತದೆ: ‘ಅವನು ರಸ್ತೆ ದಾಟಿದ್ದನ್ನು ನೋಡಿದೆ’ ಎಂದರೆ ‘ಸಾ ಹಿಮ್ ಕ್ರಾಸ್’, ‘ದಾಟುತ್ತಿರುವುದನ್ನು’ ಎಂದರೆ ‘ಸಾ ಹಿಮ್ ಕ್ರಾಸಿಂಗ್’.

ಅಡ್ವೈಸ್, ಅಲೌ ಎರಡೂ ವಾಕ್ಯದಲ್ಲಿ ಅವುಗಳ ಮುಂದೆ ವ್ಯಕ್ತಿಯನ್ನು ಸೂಚಿಸುವ ಪದ ಇದ್ದರೆ ಒಂದು ತರಹ, ಇಲ್ಲದಿದ್ದರೆ ಇನ್ನೊಂದು ತರಹ: ‘ವಿ ಡೋಂಟ್ ಅಲೌ ಯೂ ಟು ಪಾರ್ಕ್ ಹಿಯರ್’, ಆದರೆ ‘ವಿ ಡೋಂಟ್ ಅಲೌ ಪಾರ್ಕಿಂಗ್ ಹಿಯರ್’.

ಅಭ್ಯಾಸ ದಿನಕ್ಕೆ 10 ನಿಮಿಷ, ವಾರಕ್ಕೆ ಒಂದೇ ಗುಂಪು, ಎಲ್ಲವೂ ಬಾಯಲ್ಲಿ. ಬಿಟ್ಟ ಸ್ಥಳ ತುಂಬುವುದು ಬೇಡ. ಅಲ್ಲಿ ಯಾವ ರೂಪ ಬೇಕೆಂದು ಯೋಚಿಸಲು ಪುರುಸೊತ್ತಿರುತ್ತದೆ, ಮಾತಿನಲ್ಲಿ ಇರುವುದಿಲ್ಲ. ‘ಐ ಮೇಡ್ ಹಿಮ್ ವೇಟ್’ ಎಂದು ಒಂದೇ ಉಸಿರಿನಲ್ಲಿ ಹೇಳಿ, ‘ಹಿಮ್’ ಜಾಗದಲ್ಲಿ ‘ದಿ ಕಸ್ಟಮರ್’, ಆಮೇಲೆ ‘ದಿ ಕಸ್ಟಮರ್ ಹೂ ಕಾಲ್ಡ್ ಯೆಸ್ಟರ್‌ಡೇ’ ಇಡಬೇಕು. ನಡುವಿನ ಪದಗಳು ಉದ್ದವಾದಷ್ಟೂ ಕ್ರಿಯಾಪದ ಮರೆತು ಟು ನುಸುಳುತ್ತದೆ. ಅವರು ಫೋನಿನಲ್ಲಿ ನಿಂತುಬಿಡುತ್ತಿದ್ದುದು ಇಂಥ ಕಡೆಯೇ. ಕೊನೆಗೆ ನಕಾರ: ‘ಐ ಆಸ್ಕ್ಡ್ ಹಿಮ್ ನಾಟ್ ಟು ಕಾಲ್’ ಎಂದರೆ ಕರೆ ಮಾಡಬೇಡಿ ಅಂದೆ, ‘ಐ ಡಿಡ್‌ಂಟ್ ಆಸ್ಕ್ ಹಿಮ್ ಟು ಕಾಲ್’ ಎಂದರೆ ಮಾಡಿ ಅಂತ ನಾನು ಹೇಳೇ ಇಲ್ಲ. ಗ್ರಾಹಕರ ದೂರು ಬಂದಾಗ ಇವೆರಡನ್ನು ಅದಲುಬದಲು ಮಾಡಿದರೆ ಜಗಳವೇ ಆದೀತು. ಮೇಕ್, ಲೆಟ್‌ಗಳಲ್ಲಿ ಒಂದು ಟು ಹೆಚ್ಚಾದರೆ ಅಂಥ ಅಪಾಯವಿಲ್ಲ, ಕೇಳುವವರಿಗೆ ಅರ್ಥವಾಗಿಯೇ ಆಗುತ್ತದೆ. ಆದ್ದರಿಂದ ಫೋನಿನಲ್ಲಿ ಜಾರಿದರೆ ಹಿಂದಿರುಗಿ ತಿದ್ದದೆ ವಾಕ್ಯ ಮುಗಿಸಲು ಹೇಳಲಾಯಿತು. ತಿದ್ದುವುದೆಲ್ಲ ಮೇಲ್‌ನಲ್ಲಿ.

ಮುಂದಿನ ಭೇಟಿಗಳ ಹೊತ್ತಿಗೆ ಮೇಕ್, ಲೆಟ್ ಹದಕ್ಕೆ ಬಂದಿದ್ದವು. ಮೀಟಿಂಗಿನಲ್ಲಿ ಪ್ರಶ್ನೆ ಕೇಳಲು ಶುರುಮಾಡಿದ್ದರು. ಸಜೆಸ್ಟ್ ಮಾತ್ರ ಮಾತಿನಲ್ಲಿ ಇನ್ನೂ ತಪ್ಪುತ್ತಿದೆ. ಅದಕ್ಕೆ ವ್ಯಕ್ತಿಯನ್ನು ನೇರವಾಗಿ ಅಂಟಿಸಿ ಟು ಹಾಕುವಂತಿಲ್ಲ: ‘ಸಜೆಸ್ಟೆಡ್ ಕಾಲಿಂಗ್’ ಅಥವಾ ‘ಸಜೆಸ್ಟೆಡ್ ದಟ್ ಹಿ ಕಾಲ್’. ಸದ್ಯಕ್ಕೆ ಫೋನಿನಲ್ಲಿ ‘ಅಡ್ವೈಸ್ಡ್ ಹಿಮ್ ಟು ಕಾಲ್’ ಎಂದೇ ಹೇಳಿ, ಸಜೆಸ್ಟನ್ನು ಮೇಲ್‌ಗೆ ಇಟ್ಟುಕೊಳ್ಳಲು ತಿಳಿಸಲಾಗಿದೆ.