ಇರಾನಿನವರು ತಮ್ಮ ಹಳೆಯ ಫುಟ್‌ಬಾಲ್ ಆಟಗಾರರಿಗಾಗಿ ಇಷ್ಟು ಹಂಬಲಿಸುವುದೇಕೆ?

ನಿಮ್ಮ ಕಚೇರಿಯ ಇರಾನಿ ಸ್ನೇಹಿತರು ಫುಟ್‌ಬಾಲ್ ಮಾತು ಬಂದಾಗಲೆಲ್ಲ "ಈಗ ಅಂಥ ಆಟಗಾರರೂ ಇಲ್ಲ, ಅಂಥ ಪ್ರೇಕ್ಷಕರೂ ಇಲ್ಲ" ಅನ್ನುತ್ತಾರೆ ಎಂದು ಬರೆದಿದ್ದೀರಿ. ಇದು ಎಲ್ಲ ಊರಿನ ಹಿರಿಯರೂ ಆಡುವ ಮಾತೋ, ಅಥವಾ ಅಲ್ಲಿ ನಿಜವಾಗಿಯೂ ಏನಾದರೂ ಕಳೆದುಹೋಗಿದೆಯೋ ಎಂಬುದು ನಿಮ್ಮ ಪ್ರಶ್ನೆ.

ಕಳೆದುಹೋಗಿದೆ. ಆದರೆ ಆಟಗಾರರ ಬಗ್ಗೆ ಅವರು ಹೇಳುವುದನ್ನು ನಾನು ಪೂರ್ತಿ ಒಪ್ಪುತ್ತೇನೆ, ಪ್ರೇಕ್ಷಕರ ಬಗ್ಗೆ ಹೇಳುವುದರಲ್ಲಿ ಅರ್ಧ ಮಾತ್ರ. ಬೆಂಗಳೂರಿನ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ವರ್ಷಗಟ್ಟಲೆ ಇರಾನಿ ವಿದ್ಯಾರ್ಥಿಗಳು ಬಾಡಿಗೆಗಿದ್ದರು. ಅವರಲ್ಲಿ ಒಬ್ಬ ಪರ್ಸೆಪೊಲಿಸ್‌ನ ಕೆಂಪು ಬಣ್ಣದವನು, ಇನ್ನೊಬ್ಬ ಎಸ್ತೆಗ್ಲಾಲ್‌ನ ನೀಲಿಯವನು; ಎರಡೂ ಟೆಹರಾನಿನ ಬದ್ಧ ಎದುರಾಳಿ ಕ್ಲಬ್ಬುಗಳು. ಇಬ್ಬರೂ ತಮ್ಮ ತಂದೆಯರಿಂದ ಕೇಳಿಸಿಕೊಂಡದ್ದನ್ನು ನನಗೆ ದಾಟಿಸಿದರು, ಆ ಹುಚ್ಚು ನನಗೂ ಹತ್ತಿತು.

ಮೊದಲು ಆಟಗಾರರು. ಟೆಹರಾನಿನ ಮಕ್ಕಳು ಆಗ ಆಡುತ್ತಿದ್ದದ್ದು ಓಣಿಯಲ್ಲಿ, ಇಲ್ಲವೇ ಮಣ್ಣಿನ ಮೈದಾನದಲ್ಲಿ. ಪ್ಲಾಸ್ಟಿಕ್ ಚೆಂಡು ಗಾಳಿಗೆ ಹಾರಿಹೋಗುತ್ತದೆ ಅಂತ ಇನ್ನೊಂದು ಹಳೆಯ ಚೆಂಡನ್ನು ಸೀಳಿ ಅದರ ಮೇಲೆ ತೊಡಿಸಿ ಭಾರ ಮಾಡಿಕೊಳ್ಳುತ್ತಿದ್ದರು. ಇಂಥ ಓಣಿಗಳಿಂದ ಬಂದವರೇ ಮುಂದೆ ರಾಷ್ಟ್ರೀಯ ತಂಡದಲ್ಲಿ ಆಡಿದರು. ಅಲಿ ಪರ್ವಿನ್ 1970ರ ದಶಕದಲ್ಲಿ ಪರ್ಸೆಪೊಲಿಸ್‌ನ 7ನೇ ನಂಬರ್ ಅಂಗಿ ತೊಟ್ಟು ಮಧ್ಯಮೈದಾನವನ್ನು ಆಳುತ್ತಿದ್ದಾಗಲೂ ದಕ್ಷಿಣ ಟೆಹರಾನಿನ ಜನರಿಗೆ ನಮ್ಮ ಬೀದಿಯ ಹುಡುಗನೇ ಆಗಿದ್ದ. ಜನ ಅವನನ್ನು 'ಸುಲ್ತಾನ' ಅಂತ ಕರೆದದ್ದು ಆ ಸಲಿಗೆಯಿಂದಲೇ.

ಶಾಹೀನ್ ಕ್ಲಬ್ಬಿನ ಕಥೆ ಗೊತ್ತಿಲ್ಲದೆ ಈ ಹಂಬಲ ಅರ್ಥವಾಗುವುದಿಲ್ಲ. ಅಬ್ಬಾಸ್ ಎಕ್ರಾಮಿ ಎಂಬ ಮೇಷ್ಟ್ರು 1942ರಲ್ಲಿ ಕಟ್ಟಿದ ಕ್ಲಬ್ ಅದು. ಮೊದಲು ನಡತೆ, ಆಮೇಲೆ ಓದು, ಆಟ ಮೂರನೆಯದು ಎಂಬುದು ಅಲ್ಲಿನ ನಿಯಮ. ಗೆಲ್ಲುವುದರಲ್ಲೂ ಹಿಂದೆ ಬೀಳದ ಈ ತಂಡದ ಹಿಂದೆ ಟೆಹರಾನಿನ ಜನಸಾಮಾನ್ಯರು ದೊಡ್ಡ ಸಂಖ್ಯೆಯಲ್ಲಿ ನಿಂತರು. ಎದುರಿಗಿದ್ದದ್ದು ತಾಜ್, ಅಂದರೆ ಕಿರೀಟ; 1979ರ ಇಸ್ಲಾಮಿಕ್ ಕ್ರಾಂತಿಯ ನಂತರ ಎಸ್ತೆಗ್ಲಾಲ್ ಎಂಬ ಹೆಸರು ಪಡೆದ ನೀಲಿ ತಂಡ ಅದೇ. ಅದನ್ನು ನಡೆಸುತ್ತಿದ್ದವರು ಆಗಿನ ದೊರೆ ಶಾಹನ ಸೇನೆಯ ಅಧಿಕಾರಿ. 1967ರಲ್ಲಿ ಶಾಹೀನನ್ನು ಅಧಿಕಾರಿಗಳು ಮುಚ್ಚಿಸಿದರು. ಆಟಗಾರರಲ್ಲಿ ಬಹುಪಾಲು ಪರ್ಸೆಪೊಲಿಸ್‌ಗೆ ಹೋದರು, ಅಭಿಮಾನಿಗಳೂ ಅವರ ಬೆನ್ನಿಗೇ ನಡೆದರು. ಕೆಂಪು-ನೀಲಿ ಜಗಳದ ಬೇರು ಅಲ್ಲಿದೆ. 1973ರ ಸೆಪ್ಟೆಂಬರಿನಲ್ಲಿ ಪರ್ಸೆಪೊಲಿಸ್ ತಾಜ್ ತಂಡವನ್ನು 6-0 ಅಂತರದಿಂದ ಸೋಲಿಸಿತು. ಶಾಹೀನ್‌ನಲ್ಲಿ ಬೆಳೆದ ಹೊಮಾಯೂನ್ ಬೆಹ್‌ಜಾದಿ ಒಬ್ಬನೇ ಮೂರು ಗೋಲು ಹೊಡೆದ. ಆಗಿನ್ನೂ ಹುಟ್ಟಿರದವರು ಕೂಡ ಇಂದಿಗೂ ನೀಲಿಯವರ ಎದುರು ಆರು ಬೆರಳೆತ್ತಿ ತೋರಿಸುತ್ತಾರೆ.

ತಾಜ್ ಪಾಳೆಯದಲ್ಲೂ ಜನ ಎದೆಗಪ್ಪಿಕೊಂಡವರಿದ್ದರು. ಗೋಲ್‌ಕೀಪರ್ ನಾಸೆರ್ ಹೆಜಾಜಿಯೇ ಅವರಲ್ಲಿ ಮೊದಲಿಗ. 1972 ಮತ್ತು 1976ರ ಏಷ್ಯಾ ಕಪ್ ಗೆದ್ದ, 1978ರ ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡನ್ನು 1-1ಕ್ಕೆ ತಡೆದ ತಂಡಗಳಲ್ಲಿದ್ದವನು. ಕ್ರಾಂತಿಯ ನಂತರ, 27 ವರ್ಷ ದಾಟಿದವರಿಗೆ ರಾಷ್ಟ್ರೀಯ ತಂಡದಲ್ಲಿ ಜಾಗವಿಲ್ಲ ಎಂಬ ನಿಯಮ ತಂದರು, ಗೋಲ್‌ಕೀಪರ್ ಪಳಗುವ ವಯಸ್ಸಿನಲ್ಲಿ ಅವನನ್ನು ಹೊರಗಿಟ್ಟರು. 1980ರ ದಶಕದ ಕೊನೆಗೆ ಅವನು ಢಾಕಾದ ಮಹಮದನ್ ತಂಡಕ್ಕೆ ಕೋಚ್ ಆಗಿ ಬಂದಿದ್ದ. 2005ರಲ್ಲಿ ಅಧ್ಯಕ್ಷ ಚುನಾವಣೆಗೆ ಹೆಸರು ಕೊಟ್ಟ, ಅದನ್ನು ತಿರಸ್ಕರಿಸಿದರು. 2011ರಲ್ಲಿ ಕ್ಯಾನ್ಸರಿನಿಂದ ನರಳುತ್ತಲೇ ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀರಿ ಅಂತ ಸರ್ಕಾರವನ್ನು ಟೀಕಿಸಿದ. ಆ ಮೇ ತಿಂಗಳಲ್ಲಿ ತೀರಿಕೊಂಡಾಗ ಆಜಾದಿ ಕ್ರೀಡಾಂಗಣಕ್ಕೆ ಅವನನ್ನು ಕಳಿಸಿಕೊಡಲು ಬಂದ ಸಾವಿರಾರು ಜನರಲ್ಲಿ ಕೆಂಪು ಬಣ್ಣದವರೂ ಇದ್ದರು. ಮೇಲಿನ ಮಹಡಿಯ ಪರ್ಸೆಪೊಲಿಸ್ ಹುಡುಗ ಅಂದು ಕಾಲೇಜಿಗೆ ಹೋಗಲಿಲ್ಲ.

ಪರ್ವೀಜ್ ಘೆಲಿಚ್‌ಖಾನಿ 1968, 1972, 1976ರ ಮೂರೂ ಏಷ್ಯಾ ಕಪ್ ಗೆದ್ದವನು. ಬಾಳಿನ ಬಹುಭಾಗವನ್ನು ದೇಶಾಂತರದಲ್ಲಿ ಕಳೆದ. ರಾಷ್ಟ್ರೀಯ ತಂಡದ ಹಬೀಬ್ ಖಬೀರಿಯನ್ನು 1984ರಲ್ಲಿ ಗಲ್ಲಿಗೇರಿಸಲಾಯಿತು. ಇರಾಕ್ ಜೊತೆಗಿನ ಎಂಟು ವರ್ಷದ ಯುದ್ಧ ಇಡೀ ಒಂದು ಪೀಳಿಗೆಯ ಆಟವನ್ನು ನುಂಗಿತು. ಇವರನ್ನು ನೆನೆಯುವಾಗ ಇರಾನಿಗಳ ದನಿ ಗದ್ಗದವಾಗುವುದು ಪಾಸುಗಳ ಚೆಲುವಿಗೆ ಮಾತ್ರ ಅಲ್ಲ. ಆ ಆಟಗಾರರನ್ನು ಜನ ಮನಸಾರೆ ಬೀಳ್ಕೊಡುವ ಮೊದಲೇ ಅವರಿಂದ ಕಿತ್ತುಕೊಳ್ಳಲಾಗಿತ್ತು.

ಖುರಮ್‌ಶಹರ್‌ನ ಮಜೀದ್ ಬಿಶ್ಕರ್ ಎಂಬ ಹೆಸರು ನಿಮಗೆ ಗೊತ್ತಿದ್ದರೂ ಗೊತ್ತಿರಬಹುದು. ಅಲಿಗಢಕ್ಕೆ ಓದಲು ಬಂದವನು 1980ರಲ್ಲಿ ಜಮ್ಶಿದ್ ನಸ್ಸಿರಿಯ ಜೊತೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಹಿಂದೊಮ್ಮೆ ಮೆರೆದ ಕ್ಲಬ್ಬೇ ಅದು. ದೆಹಲಿಯಲ್ಲಿ 1951ರ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಇರಾನನ್ನು 1-0ಯಿಂದ ಸೋಲಿಸಿದ ಭಾರತ ತಂಡದ ಅಹ್ಮದ್ ಖಾನ್. ಮಜೀದ್ ಆಡಿದ್ದು ಕೆಲವೇ ವರ್ಷ. ಆದರೂ 2019ರಲ್ಲಿ ಈಸ್ಟ್ ಬೆಂಗಾಲ್‌ನ ಶತಮಾನೋತ್ಸವಕ್ಕೆ ಬಂದಿಳಿದಾಗ ಕೋಲ್ಕತ್ತ ಅವನನ್ನು ಮುತ್ತಿಕೊಂಡಿತು. ಜಮ್ಶಿದ್ ಕೋಲ್ಕತ್ತದಲ್ಲೇ ನೆಲೆ ನಿಂತ. ಅವನ ಮಗ ಕಿಯಾನ್ 2022ರ ಜನವರಿಯಲ್ಲಿ ಬದಲಿ ಆಟಗಾರನಾಗಿ ಇಳಿದು ಅಪ್ಪನ ಹಳೆಯ ತಂಡದ ವಿರುದ್ಧವೇ ಮೋಹನ್ ಬಾಗಾನ್ ಪರ ಮೂರು ಗೋಲು ಹೊಡೆದ. ಕೋವಿಡ್ ಕಾಲವಾದ್ದರಿಂದ ಗೋವಾದ ಗ್ಯಾಲರಿ ಖಾಲಿಯಿತ್ತು. ಆ ಗೋಲುಗಳನ್ನು ಕಣ್ಣೆದುರೇ ನೋಡುವ ಭಾಗ್ಯ ಕೋಲ್ಕತ್ತದವರಿಗೆ ಸಿಗಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಸಂಕಟ.

ಇನ್ನು ಪ್ರೇಕ್ಷಕರು. ಹಿಂದಿನವರು ಸಭ್ಯರು, ಈಗಿನವರು ಬೈಗುಳದವರು ಎಂಬುದು ನಿಮ್ಮ ಸ್ನೇಹಿತರ ಮಾತಾದರೆ ನಾನು ಒಪ್ಪುವುದಿಲ್ಲ. 1968ರ ಮೇ ತಿಂಗಳಲ್ಲಿ ಟೆಹರಾನಿನ ನಟ್ಟನಡುವಿನ ಅಮ್ಜದಿಯೆ ಕ್ರೀಡಾಂಗಣದಲ್ಲಿ ಬೆಹ್‌ಜಾದಿ, ಘೆಲಿಚ್‌ಖಾನಿ ಗೋಲುಗಳಿಂದ ಇರಾನ್ ಇಸ್ರೇಲನ್ನು 2-1ರಿಂದ ಸೋಲಿಸಿ ಮೊದಲ ಏಷ್ಯಾ ಕಪ್ ಎತ್ತಿದ ಸಂಜೆಯನ್ನು ಎಲ್ಲರೂ ಹಾಡಿ ಹೊಗಳುತ್ತಾರೆ. ಅದೇ ಸಂಜೆ ಯೆಹೂದ್ಯರ ವಿರುದ್ಧ ಕೀಳು ಘೋಷಣೆಗಳೂ ಕೇಳಿಬಂದವು. 1995ರ ಜನವರಿಯ ಡರ್ಬಿಯಲ್ಲಿ, ಅಂದರೆ ಕೆಂಪು-ನೀಲಿ ತಂಡಗಳ ಪಂದ್ಯದಲ್ಲಿ, 2-0 ಮುಂದಿದ್ದ ಪರ್ಸೆಪೊಲಿಸ್ ಕೊನೆಗೆ 2-2ಕ್ಕೆ ಇಳಿದಾಗ ಜನ ಮೈದಾನಕ್ಕೇ ನುಗ್ಗಿದರು. ಆ ಗಲಭೆಯ ನಂತರ ಡರ್ಬಿಗೆ ಹೊರದೇಶದ ರೆಫರಿಗಳನ್ನು ಕರೆಸಬೇಕಾಯಿತು. 2000ದ ಡಿಸೆಂಬರಿನಲ್ಲಿ ಆಟಗಾರರೇ ಹೊಡೆದಾಡಿ ಜೈಲು ಕಂಡರು. ಇವತ್ತು ತಾಯಿ-ತಂಗಿಯರನ್ನು ಎಳೆದು ತಂದು ಬೈಯುವುದು, ತುರ್ಕಿ ನುಡಿಯಾಡುವ ತಬ್ರೀಜ್‌ನ ಟ್ರಾಕ್ಟರ್ ತಂಡದವರು ಟೆಹರಾನಿಗೆ ಬಂದರೆ ಅವರು ತುರ್ಕರೆಂದು ಹೀಯಾಳಿಸುವುದು ಹೆಚ್ಚಾಗಿದೆ ನಿಜ. ನನಗೆ ಅದು ಸಹಿಸಲಾಗುವುದಿಲ್ಲ. ಆದರೆ ಈ ಕೊಳಕು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ.

ಹಳೆಯ ಗ್ಯಾಲರಿಯಲ್ಲಿ ನಿಜವಾಗಿ ಇದ್ದು ಆಮೇಲೆ ಇಲ್ಲವಾದದ್ದು ಹೆಂಗಸರು. ಅಮ್ಜದಿಯೆಯಲ್ಲಿ, 1971ರಲ್ಲಿ ತೆರೆದ ಲಕ್ಷ ಜನರ ಆರ್ಯಮೆಹ್ರ್‌ನಲ್ಲಿ (ಇಂದಿನ ಆಜಾದಿ ಅದೇ) ಅವರೂ ಕೂತು ಆಟ ನೋಡುತ್ತಿದ್ದರು. 1980ರ ದಶಕದ ಮೊದಲಲ್ಲೇ ಅವರ ಪಾಲಿಗೆ ಬಾಗಿಲು ಮುಚ್ಚಿತು. 1997ರ ನವೆಂಬರಿನಲ್ಲಿ ಮೆಲ್ಬರ್ನ್‌ನಿಂದ ವಿಶ್ವಕಪ್ ಟಿಕೆಟ್ ಗೆದ್ದು ಬಂದ ತಂಡದ ಸ್ವಾಗತಕ್ಕೆ ಹೆಂಗಸರು ಮನೆಯಲ್ಲೇ ಇರಬೇಕೆಂದು ಸರ್ಕಾರ ಹೇಳಿದಾಗ, ಅವರು ಗುಂಪುಗುಂಪಾಗಿ ಆಜಾದಿಯೊಳಕ್ಕೆ ನುಗ್ಗಿದರು. 2019ರ ಸೆಪ್ಟೆಂಬರಿನಲ್ಲಿ ಸಹರ್ ಖೊದಾಯಾರಿ ಎಂಬ ಎಸ್ತೆಗ್ಲಾಲ್ ಅಭಿಮಾನಿ, ಗಂಡುವೇಷದಲ್ಲಿ ಪಂದ್ಯಕ್ಕೆ ಹೋದದ್ದಕ್ಕೆ ಜೈಲಾಗಬಹುದೆಂಬ ಭಯದಲ್ಲಿ ನ್ಯಾಯಾಲಯದ ಎದುರು ಬೆಂಕಿ ಹಚ್ಚಿಕೊಂಡು ತೀರಿಕೊಂಡಳು. ಮರುತಿಂಗಳು ಕಾಂಬೋಡಿಯ ಪಂದ್ಯಕ್ಕೆ ಸುಮಾರು 3,500 ಟಿಕೆಟ್‌ಗಳನ್ನು ಹೆಂಗಸರಿಗೆ ಕೊಟ್ಟರು. ಇರಾನ್ 14-0 ಗೆದ್ದಿತು. ಲೀಗ್ ಪಂದ್ಯಕ್ಕೆ ಅವರಿಗೆ ಪ್ರವೇಶ ಸಿಕ್ಕಲು 2022ರ ಆಗಸ್ಟ್‌ವರೆಗೆ ಕಾಯಬೇಕಾಯಿತು.

2015ರ ಸೆಪ್ಟೆಂಬರ್ 8ರಂದು ಇರಾನ್ ವಿಶ್ವಕಪ್ ಅರ್ಹತಾ ಪಂದ್ಯಕ್ಕಾಗಿ ನಮ್ಮ ಕಂಠೀರವಕ್ಕೇ ಬಂದಿತ್ತು. ಮೇಲಿನ ಮನೆಯ ಹುಡುಗರ ಜೊತೆ ನಾನೂ ಹೋದೆ. ಅವರಲ್ಲೊಬ್ಬನ ಅಕ್ಕ ಇಲ್ಲೇ ಓದುತ್ತಿದ್ದಳು, ಅವಳೂ ಬಂದಿದ್ದಳು. ಅಜ್ಮೂನ್ ಮೊದಲ ಗೋಲು ಹೊಡೆದಾಗ ನಾನು ತಲೆಗೆ ಕೈ ಹೊತ್ತು ಕೂತಿದ್ದೆ, ಪಕ್ಕದಲ್ಲಿ ಅವಳು ಕಿರುಚುತ್ತ ಅಳುತ್ತಿದ್ದಳು. ತನ್ನ ದೇಶದ ತಂಡವನ್ನು ಗ್ಯಾಲರಿಯಲ್ಲಿ ಕೂತು ನೋಡಿದ್ದು ಬದುಕಿನಲ್ಲಿ ಅದೇ ಮೊದಲ ಸಲವಂತೆ, ಅದೂ ಪರದೇಶದಲ್ಲಿ. ಭಾರತ 3-0ಯಿಂದ ಸೋತಿತು. ಮನೆಗೆ ಮರಳುವಾಗ ಅವಳು ತನ್ನ ತಾಯಿ ಹುಡುಗಿಯಾಗಿದ್ದಾಗ ಅಮ್ಜದಿಯೆಗೆ ಹೋಗುತ್ತಿದ್ದದ್ದನ್ನು ಹೇಳಿದಳು. ಪ್ರೇಕ್ಷಕರ ಬಗೆಗಿನ ಹಂಬಲದಲ್ಲಿ ನಾನು ಒಪ್ಪುವ ಅರ್ಧ ಇದೇ.

ಒಳ್ಳೆಯದೂ ಹೊಸದಾಗಿ ಹುಟ್ಟಿದೆ, ಅದನ್ನೂ ಹೇಳಬೇಕು. 2015ರಲ್ಲಿ ಪರ್ಸೆಪೊಲಿಸ್ ನಾಯಕ ಹಾದಿ ನೊರೂಜಿ 30ರ ವಯಸ್ಸಿನಲ್ಲೇ ತೀರಿಕೊಂಡ ಮೇಲೆ, ಅವನ ಅಂಗಿಯ ಸಂಖ್ಯೆಯಾದ 24ನೇ ನಿಮಿಷದಲ್ಲಿ ಗ್ಯಾಲರಿ ಅವನ ಹೆಸರು ಕೂಗುವುದು ರೂಢಿಯಾಯಿತು. ಇದನ್ನು ಯಾರೂ ಮೇಲಿನಿಂದ ಹೇಳಿಕೊಡಲಿಲ್ಲ.

2022ರ ಬಿರುಕು ಇವೆಲ್ಲಕ್ಕಿಂತ ಆಳ. ಸರ್ಕಾರದ ವಿರುದ್ಧದ ಪ್ರತಿಭಟನೆಗಳ ನಡುವೆ ಕತಾರ್ ವಿಶ್ವಕಪ್ ನಡೆದಾಗ, ಅಮೆರಿಕದೆದುರು ತಮ್ಮದೇ ತಂಡ 1-0ಯಿಂದ ಸೋತದ್ದಕ್ಕೆ ಇರಾನಿನ ಬೀದಿಗಳಲ್ಲಿ ಕೆಲವರು ಸಂಭ್ರಮಿಸಿದರು. ಇದು ಸರ್ಕಾರದ ತಂಡವೇ ಹೊರತು ನಮ್ಮದಲ್ಲ ಎಂಬ ಸಿಟ್ಟು. 1998ರಲ್ಲಿ ಲಿಯೋನ್‌ನಲ್ಲಿ ಅದೇ ಅಮೆರಿಕವನ್ನು 2-1ರಿಂದ ಸೋಲಿಸಿದ ರಾತ್ರಿ ಇಡೀ ದೇಶ ಬೀದಿಯಲ್ಲಿ ಕುಣಿದಿತ್ತು. ಆ ಸಿಟ್ಟಿನ ದಿನಗಳಲ್ಲೂ ಜನ ನೆಚ್ಚಿಕೊಂಡದ್ದು ಹಿರಿಯ ಆಟಗಾರರಾದ ಅಲಿ ಕರೀಮಿ, ಅಲಿ ದಾಯಿ ಅವರನ್ನು, ಪ್ರತಿಭಟನಕಾರರ ಪರ ಅವರು ಬಾಯಿಬಿಟ್ಟು ಮಾತಾಡಿದ್ದಕ್ಕೆ. ದಾಯಿ ದೇಶಕ್ಕಾಗಿ ಹೊಡೆದ ನೂರಕ್ಕೂ ಹೆಚ್ಚು ಗೋಲುಗಳ ದಾಖಲೆಯನ್ನು ರೊನಾಲ್ಡೊ 2021ರಲ್ಲೇ ದಾಟಿಯಾಗಿತ್ತು. ಅದರಿಂದ ದಾಯಿ ಮೇಲಿನ ಅಭಿಮಾನ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಒಂದೇ ಪಂದ್ಯ ನೋಡುವಷ್ಟು ಬಿಡುವಿದ್ದರೆ 1997ರ ಮೆಲ್ಬರ್ನ್ ಪಂದ್ಯದ ಕೊನೆಯ ಇಪ್ಪತ್ತು ನಿಮಿಷ ನೋಡಿ. ಆಸ್ಟ್ರೇಲಿಯ 2-0 ಮುಂದೆ. 75ನೇ ನಿಮಿಷದಲ್ಲಿ ಕರೀಂ ಬಾಘೆರಿ, ನಾಲ್ಕು ನಿಮಿಷ ಕಳೆದು ಖೊದಾದಾದ್ ಅಜೀಜಿ ಗೋಲು ಹೊಡೆದು 2-2 ಮಾಡಿದರು. ವಿಶ್ವಕಪ್ ಟಿಕೆಟ್‌ಗೆ ಇರಾನಿಗೆ ಅಷ್ಟು ಸಾಕಿತ್ತು. ನಿಮ್ಮ ಸ್ನೇಹಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅಂದು ತಾವು ಎಲ್ಲಿದ್ದೆವು, ಮನೆಯಲ್ಲಿ ಯಾರು ಯಾರಿದ್ದರು ಅಂತ ಅವರೇ ಹೇಳತೊಡಗುತ್ತಾರೆ.